ಮೂವತ್ತನೆಯ ನೆಗೆಟಿವ್

ಇದು ನಡೆದದ್ದು ಭಾದ್ರಪದ ಬಹುಳ ತ್ರಯೋದಶಿಯಂದು, ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರರವರೆಗೆ.

ತುಂಗಭದ್ರೆಯ ದಡದಲ್ಲಿ ಮೌನೇಶಾಚಾರ್ಯರ ಆಶ್ರಮವಿತ್ತು. ಎರಡು ಕೋಣೆ, ಒಂದು ಬೇವಿನ ಮರ, ನದಿಗೆ ಇಳಿಯುವ ಒಂಬತ್ತು ಮೆಟ್ಟಿಲು. ಅಲ್ಲಿ ಅವರು ಬಂದವರಿಗೆ ಫೋಟೊ ತೆಗೆಯುವುದನ್ನು ಕಲಿಸುತ್ತಿದ್ದರು. ದೊಡ್ಡ ಪೆಟ್ಟಿಗೆ ಕ್ಯಾಮೆರಾ, ಅಂಗೈಯಗಲದ ಫಿಲ್ಮ್ ಹಾಳೆ, ಬಿಸಿಲಿಗಿಟ್ಟರೆ ಚಿತ್ರ ತಾನೇ ಮೂಡುವ ಕಾಗದ. ಇದಕ್ಕಿಂತ ಹೊಸದು ಅಲ್ಲಿ ಏನೂ ಇರಲಿಲ್ಲ.

ಚಾರುಮತಿ ಅವರ ಶಿಷ್ಯೆ. ಬಂದು ಮೂರು ವರ್ಷವಾಗಿತ್ತು.

ಆ ಬೆಳಿಗ್ಗೆ ಅವಳು ಒಳಕೋಣೆಯ ನೆರಳಿನಲ್ಲಿ ಮೂವತ್ತು ಚಿತ್ರಗಳನ್ನು ನೆಲದ ಮೇಲೆ ಹರಡಿದಳು. ಅವು ಪರೀಕ್ಷೆಗೆ ತೆಗೆದ ಹಸಿ ಪ್ರತಿಗಳು, ಚಿತ್ರ ನಿಲ್ಲಿಸುವ ಔಷಧದಲ್ಲಿ ಇನ್ನೂ ತೊಳೆದಿರಲಿಲ್ಲ. ಬೆಳಕಿಗೆ ಒಯ್ದರೆ ಕಪ್ಪಾಗುತ್ತಿದ್ದವು. ಮುಂದಿನ ತಿಂಗಳು ಬೆಂಗಳೂರಿನ ಒಂದು ಗ್ಯಾಲರಿಯಲ್ಲಿ ಅವುಗಳ ದೊಡ್ಡ ಪ್ರತಿಗಳ ಪ್ರದರ್ಶನವಿತ್ತು.

ಗುರುಗಳು ಮೊದಲನೆಯದನ್ನು ಎತ್ತಿಕೊಂಡರು. ಕಲ್ಲು ಒಡೆಯುವವಳೊಬ್ಬಳು ಸುತ್ತಿಗೆ ಹಿಡಿದು ಕುಳಿತಿದ್ದಳು.

“ಇದು ಯಾರು?”

“ನಾನು, ಗುರುಗಳೇ.”

ಎರಡನೆಯದರಲ್ಲಿ ಬಟ್ಟೆ ಒಗೆಯುವವಳು ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು.

“ಇದು?”

“ಇದೂ ನಾನೇ.”

“ಬುಟ್ಟಿಯಲ್ಲಿ ಮೀನು ಹೊತ್ತವಳು?”

“ನಾನೇ.”

“ಮೂವತ್ತರಲ್ಲೂ ನೀನೇ?”

“ಹೌದು.”

“ಹಾಗಿದ್ದರೆ ಒಂದು ಸಾಕಿತ್ತಲ್ಲ.”

ಚಾರುಮತಿ ನಕ್ಕಳು. ಗುರುಗಳು ನಗದಿರುವುದನ್ನು ಕಂಡು ನಿಲ್ಲಿಸಿದಳು.

“ನಾನು ಆ ಹೆಂಗಸರ ಸೀರೆ ಉಟ್ಟೆ. ಅವರು ಕೂರುವ ಜಾಗದಲ್ಲಿ ಕುಳಿತೆ. ಅವರು ನಿಲ್ಲುವ ರೀತಿಯನ್ನು ಕಲಿತೆ. ನನ್ನನ್ನು ಅಳಿಸಿಕೊಂಡು ಒಬ್ಬೊಬ್ಬರಾಗಿ ಅವರೇ ಆದೆ. ಆದರೂ ನನ್ನ ಚಿತ್ರವನ್ನು ನಾನೇ ತೆಗೆದುಕೊಂಡೆ. ಅದಕ್ಕೆ ಇಡೀ ಪ್ರದರ್ಶನಕ್ಕೆ ‘ಸ್ವಚಿತ್ರ’ ಎಂದು ಹೆಸರಿಟ್ಟಿದ್ದೇನೆ.”

“ಮೂವತ್ತು ಸಲ ಅಳಿಸಿದೆಯಾ?”

“ಹೌದು.”

“ಇಷ್ಟು ಅಳಿಸಿದರೂ ಹೋಗದ ಮುಖ. ಬಹಳ ಗಟ್ಟಿ ಬಣ್ಣ.”

ಅವಳು ಕೊನೆಯ ಚಿತ್ರವನ್ನು ಅವರ ಮುಂದೆ ಸರಿಸಿದಳು. ದಡಕ್ಕೆ ಎಳೆದ ಹರಿಗೋಲಿನಲ್ಲಿ ಅಗಲ ಅಂಚಿನ ಸೀರೆಯ ಹೆಂಗಸು ಎರಡೂ ಕೈಗಳಿಂದ ಹುಟ್ಟು ಹಿಡಿದು ಕುಳಿತಿದ್ದಳು. ಹಿಂದೆ ನದಿ ಕರಗಿದ ಬೆಳ್ಳಿಯಂತಿತ್ತು.

“ಆಹ್ವಾನ ಪತ್ರಿಕೆಗೆ ಇದನ್ನೇ ಕೇಳಿದ್ದಾರೆ. ಗೋಡೆಯ ನಡುವೆ, ಆಳೆತ್ತರಕ್ಕೆ, ಇದೇ ಬರಬೇಕಂತೆ.”

ಗುರುಗಳು ಬಹಳ ಹೊತ್ತು ನೋಡಿದರು.

“ಚೆನ್ನಾಗಿದೆ,” ಎಂದರು.

ಮೂರು ವರ್ಷದಲ್ಲಿ ಅವರು ಆ ಮಾತನ್ನು ಯಾರಿಗೂ ಹೇಳಿದ್ದಿಲ್ಲ. ಚಾರುಮತಿಯ ಕಣ್ಣು ತುಂಬಿತು.

ಆಗ ಮೆಟ್ಟಿಲಿನ ಕೆಳಗೆ ಹರಿಗೋಲು ತಾಗಿದ ಸದ್ದಾಯಿತು.

ಮೇಲೆ ಹತ್ತಿ ಬಂದವಳು ಮೂವತ್ತರ ಆಸುಪಾಸಿನ ಹೆಂಗಸು. ಬಾಗಿಲಲ್ಲಿ ನಿಂತು ಕೈಮುಗಿದಳು.

“ಶರಣ್ರಿ ಅಜ್ಜಾರ. ಅಕ್ಕಾರು ಅದಾರೇನ್ರಿ?”

“ಇದ್ದಾಳೆ. ಒಳಗೆ ಬಾ.”

“ಅಕ್ಕಾರ, ನಾನು ದುರ್ಗವ್ವ. ಆಚೀ ದಂಡಿ ಹನುಮವ್ವನ ಮಗಳು. ಮಾಘ ತಿಂಗಳದಾಗ ನೀವು ನಮ್ಮ ಕಡೆ ಬಂದಿದ್ರಿ. ಅವ್ವನ ಹಸರು ಸೀರಿ ಉಟ್ಟಿದ್ರಿ.”

“ನೆನಪಿದೆ. ಹನುಮವ್ವ ಹೇಗಿದ್ದಾರೆ?”

“ತೀರಿಕೊಂಡ್ಳರಿ. ಕಾರಹುಣ್ಣಿಮಿ ಮರುದಿನ. ಮೂರು ದಿನದ ಜ್ವರ, ಅಷ್ಟ.”

ಚಾರುಮತಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು.

ದುರ್ಗವ್ವ ನಿಂತಲ್ಲಿಂದಲೇ ಹೇಳಿದಳು. “ನಾಡದು ಅಮಾಸಿ. ಹಿರೇರಿಗೆ ಎಡಿ ಇಡಬೇಕು. ಎಡಿ ಮುಂದ ಇಡಾಕ ಅವ್ವಂದು ಒಂದು ಫೋಟೊ ಇಲ್ಲರಿ. ಆಧಾರ ಕಾರ್ಡಿಂದು ದೊಡ್ಡದು ಮಾಡಿಸಿದ್ವಿ. ಅದನ್ನ ಕಂಡಿದ್ರ ಅವ್ವನ ಅಂಜತಿದ್ಳು.”

“ಫೋನಿನಲ್ಲಿ ಯಾರೂ ತೆಗೆದಿಲ್ಲವೇ?” ಎಂದರು ಗುರುಗಳು.

“ಫೋನು ಹಿಡಿದ್ರ ಮಾರಿ ಮ್ಯಾಲ ಸೆರಗು ಎಳಕೊಂತಿದ್ಳು, ಅಜ್ಜಾರ. ಜಲ್ಮದಾಗ ಅವತ್ತೊಂದಿನ ತಲಿಗೆ ಎರಕೊಂಡು, ಎಣ್ಣಿ ಹಚ್ಚಿ ಕೂದಲಾ ಹಿಕ್ಕೊಂಡು ನಿಂತಿದ್ಳು. ದೊಡ್ಡ ಕ್ಯಾಮೆರಾ ಬಂದೈತಿ, ಅಕ್ಕಾರು ನಂದೂ ಒಂದು ತೆಗೀತಾರ ಅಂದ್ಳು.” ಅವಳು ಚಾರುಮತಿಯ ಕಡೆ ತಿರುಗಿದಳು. “ಅದೊಂದು ಕೊಡ್ರಿ ಸಾಕು.”



“ಕೊಡು,” ಎಂದರು ಗುರುಗಳು.

“ಇಲ್ಲ. ತೆಗೆಯಲೇ ಇಲ್ಲ.”

“ಹನುಮವ್ವ ಕೇಳಲಿಲ್ಲವೇ?”

“ಕೇಳಿದರು. ‘ನಂದೂ ಒಂದು ತೆಗೀತಿಯೇನವ್ವಾ’ ಅಂದರು.”

“ನೀನು ಏನು ಹೇಳಿದೆ?”

“ನಾಳೆ ಬಂದು ತೆಗೆಯುತ್ತೇನೆ ಎಂದೆ.”

“ಹಾಳೆ ಮುಗಿದಿತ್ತೇ?”

“ಎರಡು ಇದ್ದವು. ಮೊದಲನೆಯದರಲ್ಲಿ ನಾನು ಅಲುಗಿದೆ ಎಂಬ ಸಂಶಯ ಬಂತು. ಎರಡನೆಯದರಲ್ಲೂ ನಾನೇ ಕುಳಿತೆ.”

“ನಾಳೆ?”

“ಹೋಗಲಿಲ್ಲ.”

ದುರ್ಗವ್ವ ಸಿಟ್ಟಾಗಲಿಲ್ಲ. ಅದನ್ನು ಕಂಡು ಚಾರುಮತಿಗೆ ಇನ್ನಷ್ಟು ಭಯವಾಯಿತು.

“ಇರಲಿ ಬಿಡ್ರಿ. ನಮ್ಮಂಥೋರ ಮಾರಿ ಅಷ್ಟು ದೊಡ್ಡ ಪೆಟಿಗ್ಯಾಗ ಯಾಕ ಬರತೈತಿ? ಎಡಿ ಮುಂದ ಆಕಿ ಸೀರಿನ ಮಡಚಿ ಇಡತೀನಿ.”

ಹೊರಡಲು ತಿರುಗಿದವಳ ಕಣ್ಣು ನೆಲದ ಮೇಲೆ ಬಿತ್ತು.

“ಅವ್ವನ ಸೀರಿ!”

ಬಾಗಿ ಮೂವತ್ತನೆಯ ಚಿತ್ರವನ್ನು ಎತ್ತಿಕೊಂಡು ಅವಳು ಬಿಸಿಲಿಗೆ ಓಡಿದಳು. ಹತ್ತಿರ ಹಿಡಿದಳು, ದೂರ ಹಿಡಿದಳು. ಹರಿಗೋಲು ತಮ್ಮದೆಂದಳು. ಹುಟ್ಟಿನ ತುದಿಗೆ ಸುತ್ತಿದ ತಂತಿಯನ್ನು ತಾನೇ ಸುತ್ತಿದ್ದೆಂದಳು. ಮುಖಕ್ಕೆ ಬಂದಾಗ ಚಿತ್ರವನ್ನು ಮೆಲ್ಲಗೆ ತಿರುವಿ ಬೆನ್ನನ್ನೂ ನೋಡಿದಳು.

“ಇದು ನೀವ್ರಿ,” ಎಂದಳು. ಅದನ್ನು ಬೇವಿನ ಕಟ್ಟೆಯ ಮೇಲೆ ಇಟ್ಟಳು.

ಚಾರುಮತಿ ತಲೆ ತಗ್ಗಿಸಿದಳು.

ಮೌನೇಶಾಚಾರ್ಯರು ಎದ್ದರು.

“ದುರ್ಗವ್ವ, ನಾನು ಈ ಆಶ್ರಮಕ್ಕೆ ಬರುವ ಮೊದಲು ಏನು ಮಾಡುತ್ತಿದ್ದೆ, ಗೊತ್ತೇ?”

“ಗೊತ್ರಿ. ಪ್ಯಾಟ್ಯಾಗ ಸ್ಟುಡಿಯೊದಾಗ ಇದ್ರಿ. ಸತ್ತೋರ ಫೋಟೊ ಮಾಡತಿದ್ರಿ. ನಮ್ಮ ಮುತ್ಯಾಂದು ನೀವ ಮಾಡಿದ್ದಂತ.”

“ನಿನ್ನ ಅಜ್ಜನ ಜಾಗದಲ್ಲಿ ಯಾರು ಕುಳಿತಿದ್ದರು?”

“ಅವನ ತಮ್ಮ. ಮುತ್ಯಾನ ಪಟಗಾ ತಲಿಗೆ ಸುತಗೊಂಡು ಕುಂತಿದ್ದನಂತ.”

ಗುರುಗಳು ಶಿಷ್ಯೆಗೆ ಹೇಳಿದರು. “ಫೋಟೊ ಇಲ್ಲದೆ ಸತ್ತವರ ಬಟ್ಟೆ ತೊಟ್ಟು ಮನೆಯವರೊಬ್ಬರು ಬಂದು ಕೂರುತ್ತಿದ್ದರು. ನಾನು ಕೂತವರದನ್ನು ತೆಗೆಯುತ್ತಿದ್ದೆ. ಆಮೇಲೆ ನೆಗೆಟಿವ್‌ನಲ್ಲಿ ಅವರ ಮುಖವನ್ನು ಕೆರೆದು ಸತ್ತವರನ್ನು ತರುತ್ತಿದ್ದೆ. ನಲವತ್ತು ವರ್ಷ ಅದನ್ನೇ ಮಾಡಿದೆ.”

“ಗುರುಗಳೇ—”

“ಸೀರೆ ಅವಳದು. ಹರಿಗೋಲು ಅವಳದು. ಕೂತಿರುವುದು ನೀನು. ನೆಗೆಟಿವ್ ತೆಗೆದುಕೊಂಡು ಬಾ.”

ಚಾರುಮತಿ ಕದಲಲಿಲ್ಲ.

“ಸರಿ ಬಂದದ್ದು ಇದೊಂದೇ ನೆಗೆಟಿವ್. ಪ್ರದರ್ಶನದ ದೊಡ್ಡ ಪ್ರತಿ ಇನ್ನೂ ಆಗಿಲ್ಲ.”

“ಗೊತ್ತು.”

“ಇದರಿಂದ ಇನ್ನೊಂದು ನೆಗೆಟಿವ್ ಮಾಡಿಕೊಂಡು, ಅದರ ಮೇಲೆ ತಿದ್ದಲೇ?”

“ಮಾಡಬಹುದು. ಆಗ ಆ ಹರಿಗೋಲಿನಲ್ಲಿ ಇಬ್ಬರಾಗುತ್ತೀರಿ. ಒಬ್ಬಳಿಗೆ ಗ್ಯಾಲರಿಯ ಹಾರ, ಒಬ್ಬಳಿಗೆ ಎಡೆ.”

 ಚಾರುಮತಿ ಒಳಗೆ ಹೋಗಿ ನೆಗೆಟಿವ್ ತಂದಳು.

ಕಿಟಕಿಯ ಬಳಿ ಒಂದು ಇಳಿಜಾರಾದ ಮೇಜಿತ್ತು. ಅದರ ನಡುವೆ ಚೌಕದ ಕಿಂಡಿ, ಕಿಂಡಿಗೆ ಉಜ್ಜಿದ ಗಾಜು, ಕೆಳಗೆ ಕನ್ನಡಿ. ಹೊರಗಿನ ಬೆಳಕು ಕನ್ನಡಿಗೆ ಬಿದ್ದು ಗಾಜಿನ ಮೂಲಕ ಮೇಲೆ ಬರುತ್ತಿತ್ತು. ಗುರುಗಳು ನೆಗೆಟಿವನ್ನು ಗಾಜಿನ ಮೇಲಿಟ್ಟರು. ಹೊಳೆಯುವ ಕಪ್ಪು ಮುಖವೊಂದು ಬಿಳಿಯ ಕೂದಲಿನೊಂದಿಗೆ ಅಲ್ಲಿ ತೇಲಿತು.

ದುರ್ಗವ್ವ ಎರಡು ಹೆಜ್ಜೆ ಹಿಂದೆ ಸರಿದಳು.

ಗುರುಗಳು ಸೂಜಿಯಂತೆ ಕೆತ್ತಿದ ಪೆನ್ಸಿಲನ್ನೂ ಬೆರಳುದ್ದದ ಚೂರಿಯನ್ನೂ ಚಾರುಮತಿಯ ಮುಂದೆ ಇಟ್ಟರು.

“ನೀವು ತಿದ್ದುವುದಿಲ್ಲವೇ?”

ಅವರು ಬಲಗೈ ಚಾಚಿ ತೋರಿಸಿದರು. ಬೆರಳುಗಳು ನಡುಗುತ್ತಿದ್ದವು.

“ಪೆನ್ಸಿಲ್ ತಾಗಿದಲ್ಲಿ ಚಿತ್ರ ಬೆಳ್ಳಗಾಗುತ್ತದೆ. ಚೂರಿ ತಾಗಿದಲ್ಲಿ ಕಪ್ಪಾಗುತ್ತದೆ. ಪೆನ್ಸಿಲನ್ನು ಒರೆಸಬಹುದು. ಚೂರಿಯನ್ನು ಒರೆಸಲಾಗದು. ದುರ್ಗವ್ವ ಹೇಳುತ್ತಾಳೆ. ನೀನು ಮಾಡು.”

“ಎಲ್ಲಿಂದ ಸುರು ಮಾಡ್ಲಿ?” ಎಂದಳು ದುರ್ಗವ್ವ.

“ತಪ್ಪು ಕಂಡಲ್ಲಿಂದ.”

“ಗದ್ದದ ಮ್ಯಾಲ ಇವೇನ್ರಿ, ಮೂರು ಚುಕ್ಕಿ?”

“ಹಚ್ಚೆ,” ಎಂದಳು ಚಾರುಮತಿ. “ಕಾಡಿಗೆಯಿಂದ ನಾನೇ ಇಟ್ಟುಕೊಂಡಿದ್ದೆ.”

“ಅವ್ವಗ ಹಚ್ಚಿ ಎಲ್ಲಿತ್ರಿ? ಸೂಜಿ ಕಂಡ್ರ ದವಾಖಾನಿಯಿಂದ ಓಡಿ ಬರತಿದ್ಳು.” ದುರ್ಗವ್ವ ನಕ್ಕಳು. ನಗು ಹಾಗೆಯೇ ನಿಂತಿತು. “ಅದಕ್ಕ ಹೋದ್ಳು.”

ಗುರುಗಳು ಕೇಳಿದರು. “ಇಲ್ಲದ ಹಚ್ಚೆಯನ್ನು ಯಾಕೆ ಇಟ್ಟುಕೊಂಡೆ?”

“ಇರುತ್ತದೆ ಎಂದುಕೊಂಡೆ.”

“ಅವಳು ಎದುರಿಗೇ ಇದ್ದಳಲ್ಲ?”

“ಇದ್ದರು. ನಾನು ಕನ್ನಡಿ ನೋಡಿಕೊಳ್ಳುತ್ತಿದ್ದೆ.”

ಮೊದಲು ಆ ಮೂರು ಚುಕ್ಕೆಗಳು ಹೋದವು.

ನಂತರ ಮೂಗು ಅಗಲವಾಯಿತು. ಎಡ ಹುಬ್ಬಿನ ನಡುವೆ ಗಾಯದ ಗೆರೆ ಬಂತು. ಚಿಕ್ಕಂದಿನಲ್ಲಿ ಹುಟ್ಟು ಬಡಿದದ್ದು, ಎಂದಳು ದುರ್ಗವ್ವ. ಕೆನ್ನೆ ಒಳಗೆ ಹೋಯಿತು. ದವಡೆ ಭಾರವಾಯಿತು. ಚೂರಿ ಫಿಲ್ಮಿನ ಪದರವನ್ನು ಕೆರೆಯುವ ಸದ್ದು ಒಣಗಿದ ಎಲೆಯ ಮೇಲೆ ಇರುವೆ ನಡೆದಷ್ಟಿತ್ತು. ಆದರೂ ಮೂವರಿಗೂ ಕೇಳಿಸುತ್ತಿತ್ತು.

ಗುರುಗಳು ನೆಗೆಟಿವನ್ನೂ ಕಾಗದವನ್ನೂ ಚೌಕಟ್ಟಿನಲ್ಲಿ ಬಿಗಿದು ಬಿಸಿಲಿಗಿಟ್ಟರು. ಮೂವರೂ ಸುತ್ತ ಕುಳಿತು ಕಾದರು. ಬಿಳಿಯ ಕಾಗದದಲ್ಲಿ ಮೊದಲು ಸೀರೆಯ ಅಂಚು ಮೂಡಿತು. ಆಮೇಲೆ ಕೈ. ಆಮೇಲೆ ಮುಖ.

“ಅಲ್ಲ,” ಎಂದಳು ದುರ್ಗವ್ವ.

ಎರಡನೆಯ ಸಲ, “ನಮ್ಮ ಸಣ್ಣವ್ವನ್ನ ತಂದ್ರಿ. ಆಕಿನೂ ಇದನ್ನ ನೋಡಿದ್ರ ಜಗಳಾ ತೆಗೀತಾಳ,” ಎಂದಳು.

ಮೂರನೆಯ ಸಲ ಬಹಳ ಹೊತ್ತು ನೋಡಿದಳು. “ಬಂದಾಳ. ಖರೆ, ಬಾಗಿಲ ಹೊರಗ ನಿಂತಾಳ. ಕಣ್ಣು ಆಕಿವಲ್ಲ.”

ಚಾರುಮತಿ ಮತ್ತೆ ಮೇಜಿನ ಮುಂದೆ ಕುಳಿತಳು. ಬೆನ್ನು ಸೋತಿತ್ತು. ಈಗ ಗಾಜಿನ ಮೇಲಿದ್ದ ಮುಖದಲ್ಲಿ ಅವಳದೆಂದು ಉಳಿದದ್ದು ಕಣ್ಣುಗಳು ಮಾತ್ರ. ಅವಳು ಚೂರಿ ಎತ್ತಿಕೊಂಡು ಬಲಗಣ್ಣಿಗೆ ತಂದಳು.

ಗುರುಗಳು ಅವಳ ಮಣಿಕಟ್ಟನ್ನು ಹಿಡಿದರು. ಮೂರು ವರ್ಷದಲ್ಲಿ ಅವರು ಅವಳ ಕೈ ಹಿಡಿದದ್ದು ಅದೇ ಮೊದಲು.

“ಕೆರೆಯುವ ಮೊದಲು ನೋಡು.”

ಅವರು ಭೂತಗನ್ನಡಿಯನ್ನು ಕೊಟ್ಟರು.

ಅವಳು ಬಾಗಿದಳು. ನೆಗೆಟಿವ್‌ನಲ್ಲಿ ಕಣ್ಣಿನ ಹೊಳಪು ಕಪ್ಪು ಚುಕ್ಕೆಯಾಗಿತ್ತು. ಅದು ಅಂದಿನ ಆಕಾಶ. ಆ ಕಪ್ಪು ಆಕಾಶದೊಳಗೆ, ಸಾಸಿವೆಗಿಂತ ಸಣ್ಣದಾಗಿ, ಬೆಳ್ಳಗೆ, ಯಾರೋ ನಿಂತಿದ್ದರು.

ಚಾರುಮತಿಯ ಉಸಿರಿಗೆ ಗಾಜು ಮಂಜಾಯಿತು. ಒರೆಸಿ ಮತ್ತೆ ನೋಡಿದಳು. ಆ ಆಕೃತಿ ಒಂದು ಕೈಯನ್ನು ಮುಂದೆ ಚಾಚಿತ್ತು. ಕೈಯಿಂದ ಕೂದಲೆಳೆಯಂತಹ ಗೆರೆಯೊಂದು ಇಳಿದಿತ್ತು.

ಎಡಗಣ್ಣಿನಲ್ಲಿ ನೋಡಿದಳು. ಅಲ್ಲಿಯೂ ನಿಂತಿತ್ತು.

“ಯಾರು?” ಎಂದರು ಗುರುಗಳು.

ಅವಳು ತಲೆ ಎತ್ತಿದಳು.

“ಹನುಮವ್ವ. ನನ್ನ ಎರಡೂ ಕೈ ಹುಟ್ಟಿನ ಮೇಲಿದ್ದವು. ಒತ್ತಿದರೆ ಚಿತ್ರ ಬೀಳುವ, ಕ್ಯಾಮೆರಾದ ನಳಿಗೆಯ ರಬ್ಬರ್ ಗುಂಡನ್ನು ಅವರ ಕೈಗೆ ಕೊಟ್ಟಿದ್ದೆ. ನಾನು ‘ಈಗ’ ಎಂದೆ. ಅವರು ಒತ್ತಿದರು.”

ದುರ್ಗವ್ವ ಮೇಜಿನ ಬಳಿ ಬಂದಳು. ಈ ಸಲ ಹಿಂದೆ ಸರಿಯಲಿಲ್ಲ. ಭೂತಗನ್ನಡಿಯನ್ನು ಇಸಿದುಕೊಂಡು ಬಾಗಿದಳು.

“ಮಾರಿ ಕಾಣಂಗಿಲ್ರಿ.”

“ಇಷ್ಟು ಸಣ್ಣದರಲ್ಲಿ ಕಾಣುವುದಿಲ್ಲ, ತಾಯಿ,” ಎಂದರು ಗುರುಗಳು.

“ಮಾರಿ ಬ್ಯಾಡ ಬಿಡ್ರಿ. ಎಡಗಾಲ ಮ್ಯಾಲ ಭಾರ ಹಾಕಿ ನಿಂತಾಳ ನೋಡ್ರಿ. ಬಲಗಾಲು ನೋಯತಿತ್ತು.” ಅವಳು ತಲೆ ಎತ್ತಲಿಲ್ಲ. “ಆಕಿನ. ನಮ್ಮವ್ವನ.”

ಚಾರುಮತಿ ಗುರುಗಳ ಕಡೆ ತಿರುಗಿದಳು.

“ಗುರುಗಳೇ, ನಿಮಗೆ ಬೆಳಿಗ್ಗೆಯೇ ಗೊತ್ತಿತ್ತೇ?”

“ಯಾರೋ ಇದ್ದಾರೆಂದು ಗೊತ್ತಿತ್ತು. ನಲವತ್ತು ವರ್ಷ ಕಣ್ಣುಗಳನ್ನೇ ನೋಡಿದವನು. ಫೋಟೊ ತೆಗೆಸಿಕೊಂಡವರ ಕಣ್ಣಿನಲ್ಲಿ ತೆಗೆದವರು ನಿಂತಿರುತ್ತಾರೆ. ಯಾರೆಂದು ಗೊತ್ತಿರಲಿಲ್ಲ.”

“ಈ ಕಣ್ಣುಗಳನ್ನು ಏನು ಮಾಡಲಿ?”

“ಒಳಗೆ ಕೈ ಹಾಕಬೇಡ. ರೆಪ್ಪೆ ಇಳಿಸು. ಸುತ್ತ ಸುಕ್ಕು ಬರೆ. ಅಷ್ಟು ಸಾಕು.”

ಚಾರುಮತಿ ಮತ್ತೆ ಬಾಗಿದಳು. ಒಂದೊಂದು ಗೆರೆಗೂ ಉಸಿರು ಹಿಡಿದಳು. ರೆಪ್ಪೆ ಇಳಿಯಿತು. ಕಣ್ಣಿನ ಮೂಲೆಯಿಂದ ಸುಕ್ಕುಗಳು ಹರಡಿದವು, ಬಿಸಿಲಿಗೆ ಕಣ್ಣು ಕಿರಿದು ಮಾಡಿ ದಡ ಹುಡುಕುವವರಿಗೆ ಬರುವ ಸುಕ್ಕುಗಳು. ಆ ಹೊತ್ತಿನಲ್ಲಿ ತಾನು ಯಾರ ಮುಖವನ್ನು ಕಳೆಯುತ್ತಿದ್ದೇನೆಂಬುದು ಅವಳ ನೆನಪಿನಲ್ಲಿರಲಿಲ್ಲ.

ಗುರುಗಳು ಚೌಕಟ್ಟನ್ನು ಬಿಸಿಲಿಗಿಟ್ಟರು.

ಸೀರೆಯ ಅಂಚು. ಹುಟ್ಟು. ಬೆರಳುಗಳು. ನದಿ. ಬೆಳಕಿನೊಳಗಿಂದ ಯಾರೋ ನಿಧಾನವಾಗಿ ನಡೆದು ಬರುವಂತೆ ಮುಖ ಬಂತು.

ದುರ್ಗವ್ವ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಕುಳಿತವಳು ಎದ್ದು ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

“ಅವ್ವಾ,” ಎಂದಳು. “ಉಂಡೇನು?”

 ಚಾರುಮತಿ ಚಿತ್ರದಲ್ಲಿ ತನ್ನನ್ನು ಹುಡುಕಿದಳು. ಹಣೆಯಲ್ಲಿ ಇರಲಿಲ್ಲ. ತುಟಿಯಲ್ಲಿ ಇರಲಿಲ್ಲ. ಹುಟ್ಟು ಹಿಡಿದ ಬೆರಳುಗಳು ಕೂಡ ಅಪರಿಚಿತವಾಗಿದ್ದವು. ಹೆಂಗಸೊಬ್ಬಳು ತನ್ನ ಹರಿಗೋಲಿನಲ್ಲಿ ಕುಳಿತು ಅವಳನ್ನೇ ನೋಡುತ್ತಿದ್ದಳು.

ಅವಳು ನೆಲದ ಮೇಲೆ ಹಣೆಯಿಟ್ಟಳು. ಗುರುಗಳಿಗೋ ಚಿತ್ರಕ್ಕೋ, ಕೇಳಿದ್ದರೆ ಅವಳೂ ಹೇಳುತ್ತಿರಲಿಲ್ಲ.

ಗುರುಗಳು ಆ ಪ್ರತಿಯನ್ನು ಔಷಧದಲ್ಲಿ ಅದ್ದಿದರು. ಚಾರುಮತಿ ಅದನ್ನು ಮೆಟ್ಟಿಲಿಳಿದು ನದಿಯ ನೀರಿನಲ್ಲಿ ತೊಳೆದಳು. ಬೇವಿನ ಕಟ್ಟೆಯ ಮೇಲೆ ಒಣಗಿಸಲು ಹೋದಾಗ, ಬೆಳಿಗ್ಗೆ ಬಿಸಿಲಿನಲ್ಲಿ ಉಳಿದಿದ್ದ ಹಸಿ ಪ್ರತಿ ಕಣ್ಣಿಗೆ ಬಿತ್ತು. ಅದು ಅಂಚಿನಿಂದ ಅಂಚಿಗೆ ಕಪ್ಪಾಗಿತ್ತು. ಅವಳು ಅದನ್ನು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು.

ದುರ್ಗವ್ವ ಹೊರಡಲು ಸಿದ್ಧಳಾದಳು.

“ತಡಿ. ಬೆನ್ನಿನ ಮೇಲೆ ಬರೆಯದೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ,” ಎಂದರು ಗುರುಗಳು. “ಎರಡು ಸಾಲು. ಚಿತ್ರದಲ್ಲಿರುವವರು. ತೆಗೆದವರು.”

ಚಾರುಮತಿ ಲೇಖನಿ ತೆಗೆದುಕೊಂಡಳು.

‘ಚಿತ್ರದಲ್ಲಿರುವವರು: ಹನುಮವ್ವ’ ಎಂದು ಬರೆದಳು.

‘ತೆಗೆದವರು’ ಎಂದು ಬರೆದಳು. ಕೈ ಅಭ್ಯಾಸದಂತೆ ತನ್ನ ಹೆಸರಿಗೆ ಹೊರಟಿತು. ಕಾಗದ ಮುಟ್ಟುವ ಮೊದಲೇ ನಿಂತಿತು.

ದುರ್ಗವ್ವನಿಗೆ ಓದಲು ಬರುತ್ತಿರಲಿಲ್ಲ. “ಏನು ಬರದ್ರಿ ಅಕ್ಕಾರ?” ಎಂದಳು.

ಚಾರುಮತಿ ಬರೆದು ಮುಗಿಸಿದಳು. ಓದಿ ಹೇಳಿದಳು.

“ಚಿತ್ರದಲ್ಲಿರುವವರು, ಹನುಮವ್ವ. ತೆಗೆದವರು, ಹನುಮವ್ವ.”

ಮೌನೇಶಾಚಾರ್ಯರು ಚಿತ್ರವನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡು ದುರ್ಗವ್ವನಿಗೆ ಕೊಟ್ಟರು. ಆಮೇಲೆ ಶಿಷ್ಯೆಯ ಕಡೆ ತಿರುಗಿದರು.

“ನೀನು ಮೂವತ್ತು ತೆಗೆದೆ. ಒಂದು ಸ್ವಚಿತ್ರವಾಯಿತು.”

ಅಲ್ಲಿದ್ದವರು: ಮೌನೇಶಾಚಾರ್ಯರು, ಚಾರುಮತಿ, ದುರ್ಗವ್ವ, ಹನುಮವ್ವ.